ಮೂರೂರಿಗೆ ಒಂದೇ ಬಿಸಿಲು

ತೊಂಬತ್ತರ ದಶಕದ ಮಾತು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಸಿಂಧನೂರಿನ ಹೊರಗೆ, ವಳಕಮದಿನ್ನಿ ಕಡೆ ಹೋಗುವ ರಸ್ತೆಯ ಪಕ್ಕ ನನ್ನದೊಂದು ಸಿಮೆಂಟಿನ ಕಣವಿತ್ತು. ಹಮಾಲಿಯಿಂದ ಶುರುಮಾಡಿ, ಚೌಕಾಸಿ ಮಾಡಿ ಮಾಡಿ ಗಳಿಸಿದ್ದು. ಕೊಯ್ಲಿನ ಕಾಲಕ್ಕೆ ಹಸಿ ಭತ್ತ ತಂದು ಅಲ್ಲಿ ಹರವುತ್ತಿದ್ದರು. ಮೋಡ ಕವಿದರೆ ತಾಡಪತ್ರಿ ಹೊದಿಸುವುದು ಕಣದವನ ಹೊಣೆ. ಅದು ನಮ್ಮ ಕಡೆಯ ರಿವಾಜು.

ಆ ವರ್ಷ ಹವಾಮಾನದ ಯೋಜನೆಯ ಸಾಹೇಬನೊಬ್ಬ ಜೀಪಿನಲ್ಲಿ ಬಂದು ಒಂದು ಹಾಳೆ ಕೊಟ್ಟ. ಕಂಪ್ಯೂಟರ್ ಲೆಕ್ಕವಂತೆ. ಸಿಂಧನೂರು, ಲಿಂಗಸೂಗೂರು, ಮಸ್ಕಿ ಮೂರಕ್ಕೂ ಐದು ದಿನ ಒಣ ಬಿಸಿಲು ಎಂದಿತ್ತು. ಬಾಯಿಮಾತು ನಂಬಿ ಹಲವು ಸಲ ಕೆಟ್ಟವನು ನಾನು, ಅಚ್ಚಾದ ಕಾಗದ ಕಂಡರೆ ಕರಗುತ್ತಿದ್ದೆ. ಬಿಸಿಲಿದ್ದ ಮೇಲೆ ತಾಡಪತ್ರಿ ಸುಮ್ಮನೆ ಯಾಕೆ ಬಿದ್ದಿರಬೇಕು? ಮಸ್ಕಿಯ ವ್ಯಾಪಾರಿಯೊಬ್ಬನಿಗೆ ಎಲ್ಲವನ್ನೂ ಬಾಡಿಗೆಗೆ ಕಳಿಸಿಬಿಟ್ಟೆ.

ಕಣದಲ್ಲಿ ಆಗ ಇದ್ದದ್ದು ಮುಕ್ಕುಂದದ ಹೆಣ್ಣುಮಗಳೊಬ್ಬಳ ಭತ್ತ. ನನ್ನಲ್ಲೇ ಭತ್ತ ಒಣಗಲೆಂದು ಕಾಲಾಡಿಸಿ ತಿರುವುವ ಕೆಲಸ ಮಾಡುತ್ತಿದ್ದಳು. ಕೊಯ್ಲಿಗೆ ಹೋಗಿ ಕೂಲಿಯಾಗಿ ಪಡೆದ ಎಂಟು ಚೀಲ. ಅವಳ ಮನೆಯ ವರ್ಷದ ಅನ್ನ ಅದು.

ಹಾಳೆ ಬಂದ ಎರಡನೆಯ ದಿನ ಬೆಳಿಗ್ಗೆ ಅವಳು ಕಾಲುವೆಯತ್ತ ನೋಡುತ್ತ ನಿಂತಳು.

“ಯಣ್ಣಾ, ಬೂದಿಬಣ್ಣದ ಮೋಡ ಕೆಳಗ ಇಳ್ಯಾಕತ್ತೈತಿ. ತಾಡಪತ್ರಿ ತರಸು.”

“ಬಿಸಿಲು ಅಂತ ಮಷೀನು ಹೇಳೈತಿ, ಯಕ್ಕಾ. ನಿನ್ನ ಕಣ್ಣು ದೊಡ್ಡದೋ, ಮಷೀನು ದೊಡ್ಡದೋ?”

“ಮಷೀನು ಉಣ್ಣೂದಿಲ್ಲಲ್ಲ, ಅದಕ್ಕ ಅಷ್ಟು ಧೈರ್ಯ ಐತಿ.”

“ನಾ ಮಾತು ಕೊಟ್ಟೀನಿ. ಒಂದು ಕಾಳು ಕೆಟ್ಟರೂ ನನ್ನ ಕೇಳು.”

ಮಧ್ಯಾಹ್ನಕ್ಕೇ ಮಳೆ ಹಿಡಿಯಿತು. ಗೋಣಿಚೀಲ, ಹುಲ್ಲು, ನನ್ನ ಮನೆಯ ಜಮಖಾನ, ಸಿಕ್ಕಿದ್ದೆಲ್ಲ ಹೊದಿಸಿದೆವು. ಮೂರು ದಿನ ಸೋನೆ ನಿಲ್ಲಲಿಲ್ಲ. ಆಮೇಲೆ ರಾಶಿಗೆ ಕೈ ಹಾಕಿದರೆ ಒಳಗೆ ಬಿಸಿ, ಹುಳಿ ವಾಸನೆ, ಕಾಳಿನ ತುದಿಯಲ್ಲಿ ಬಿಳಿ ಮೊಳಕೆ.

ಐದು ದಿನ ಕಳೆದ ಮೇಲೆ ಸಾಹೇಬ ನಗುನಗುತ್ತಲೇ ಬಂದ. ಲಿಂಗಸೂಗೂರಿನಲ್ಲಿ ಬಿಸಿಲು, ಮಸ್ಕಿಯಲ್ಲಿ ಬಿಸಿಲು, ಸರಾಸರಿಗೆ ಲೆಕ್ಕ ಸರಿಬಂದಿದೆ ಎಂದ.

“ಸರಾಸರಿ ಕುದಿಸಿ ಉಣ್ಣಾಕ ಬರ್ತೈತೇನ್ರೀ?” ಎಂದು ಅವನ ಅಂಗೈಗೆ ಮೊಳಕೆಯ ಭತ್ತ ಸುರಿದೆ.

ಅವನ ನಗು ನಿಂತಿತು. ಕಣದ ಕಟ್ಟೆಯ ಮೇಲೆ ಕೂತು ತಿಳಿಸಿ ಹೇಳಿದ. ಒಣಗಿದ ಎರೆನೆಲ ಬಿಸಿಲನ್ನು ನುಂಗುತ್ತದೆ, ಬೋಳು ಕಲ್ಲುಗುಡ್ಡ ಅದಕ್ಕಿಂತ ಹೆಚ್ಚು ಬಿಸಿಲನ್ನು ತಿರುಗಿ ಕಳಿಸುತ್ತದೆ. ಗದ್ದೆಯ ನೀರು ನಡುಹಗಲಿನ ಬಿಸಿಲನ್ನು ನುಂಗಿದರೂ ಇಳಿಬಿಸಿಲನ್ನು ಕನ್ನಡಿಯಂತೆ ವಾಪಸ್ ಎಸೆಯುತ್ತದೆ. ಮೋಡದ ಬೆನ್ನೂ ಬಿಸಿಲನ್ನು ಮೇಲಕ್ಕೆ ಒದೆಯುತ್ತದೆ. ಹೀಗೆ ಒಂದೊಂದು ಕಡೆ ನೆಲ ಒಂದೊಂದು ಥರ ಕಾದು, ಮೋಡ ಮಳೆಯೂ ಊರಿಂದೂರಿಗೆ ಬೇರೆಯಾಗುತ್ತವೆ. ಆದರೆ ಅವರ ಲೆಕ್ಕದಲ್ಲಿ ನಕ್ಷೆಯ ಮೇಲೆ ಮೂರೂ ಊರು ಸೇರಿ ಒಂದೇ ಚೌಕ. ಇಡೀ ಚೌಕಕ್ಕೆ ನೆಲ ಒಂದೇ ಬಣ್ಣದ್ದು. ಚೌಕಕ್ಕಿಂತ ಸಣ್ಣ ಮೋಡ ಆ ಲೆಕ್ಕದ ಕಣ್ಣಿಗೆ ಬೀಳುವುದೇ ಇಲ್ಲ, ಅದಕ್ಕೆ ಅಂದಾಜು ಹಾಕುತ್ತಾರೆ.

“ಇದು ನಿಮಗ ಮೊದಲೇ ಗೊತ್ತಿತ್ತೇನ್ರೀ?”

“ಗೊತ್ತಿತ್ತು.”

“ಹಾಳ್ಯಾಗ ಯಾಕ ಬರೀಲಿಲ್ಲ?”

“ಅಷ್ಟೆಲ್ಲ ಬರೆದರೆ ಜನ ನಂಬುವುದಿಲ್ಲ.”

ನನ್ನ ಸಿಟ್ಟು ಆ ಮಾತಿನ ಮೇಲೆ. ಲೆಕ್ಕ ತಪ್ಪಲಿ, ಯಾರ ಲೆಕ್ಕ ತಪ್ಪಿಲ್ಲ? ಗೊತ್ತಿದ್ದ ಅನುಮಾನವನ್ನು ಮುಚ್ಚಿಟ್ಟು ಕೊಡುವುದು, ಹಸಿ ಭತ್ತದ ಮೇಲೆ ಒಣ ಭತ್ತ ಹರಡಿ ಮಾರಿದಂತೆ. ಆ ಮೋಸ ಮಾಡಿದವರನ್ನು ನಾನು ಕಣದಿಂದ ಹೊರಗೆ ಹಾಕಿದ್ದೇನೆ. ಅವನನ್ನೂ ಹಾಕಿದೆ. ನಿಮಗೂ ಹೇಳುತ್ತೇನೆ: ಯಾರಾದರೂ ಲೆಕ್ಕ ತಂದರೆ ಉತ್ತರ ಕೇಳಬೇಡಿ, ಏನೇನು ಬಿಟ್ಟಿದ್ದಾರೆಂದು ಮೊದಲು ಕೇಳಿ. ಆ ದಿನ ನಾನು ಕೇಳಲಿಲ್ಲ. ತಾಡಪತ್ರಿಯನ್ನು ಮಸ್ಕಿಗೆ ಕಳಿಸಿದ್ದು ಮಷೀನಲ್ಲ, ನಾನು.

ನನ್ನ ದಾಸ್ತಾನಿನಿಂದ ಎಂಟು ಚೀಲ ತೆಗೆದು ಆ ಹೆಣ್ಣುಮಗಳ ಮುಂದೆ ಇಳಿಸಿದೆ. ದಾನವಲ್ಲ, ಮಾತು ಕೊಟ್ಟಿದ್ದೆ.

ಅವಳು ಒಂದೊಂದು ಚೀಲದಲ್ಲೂ ತಳದವರೆಗೆ ಕೈ ಇಳಿಸಿ ನೋಡಿದಳು. ಎರಡನ್ನು ಬದಿಗೆ ತಳ್ಳಿದಳು.

“ಇವು ಇನ್ನೂ ಹಸಿ ಅದಾವ, ಯಣ್ಣಾ. ಬ್ಯಾರೆ ಕೊಡು.”

ಬೇರೆ ಎರಡು ತಂದು ಕೊಟ್ಟೆ. ಚೌಕಾಸಿ ಮಾಡದ ವ್ಯವಹಾರ ನನ್ನ ಜನ್ಮದಲ್ಲಿ ಅದೊಂದೇ.