ಅಕ್ಕೋರು ಮತ್ತು ಸೊರಬದ ಹಳೆಯ ಕಂಪ್ಯೂಟರ್

ಪಾಸ್‌ವರ್ಡ್ ಒತ್ತುವ ಮೊದಲು ಅವರು ಎಡಗೈಯಿಂದ ಸೆರಗನ್ನು ಎಳೆದು ಕೀಬೋರ್ಡಿನ ಮೇಲೆ ಹಾಸುತ್ತಿದ್ದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಹತ್ತಿಯ ಸೀರೆ. ಅದರ ಅಡಿಯಲ್ಲಿ ಬೆರಳುಗಳು ಚಲಿಸುವಾಗ ಬಟ್ಟೆ ಅಲ್ಲಲ್ಲಿ ಉಬ್ಬಿ ಇಳಿಯುತ್ತಿತ್ತು. ಯಾವ ಬೆರಳು ಎತ್ತ ಹೋಯಿತೆಂದು ಹೇಳಲು ಯಾರಿಂದಲೂ ಸಾಧ್ಯವಿರಲಿಲ್ಲ. ನಾನು ಬಾಗಿಲಿಗೆ ಬಂದು ನಿಂತದ್ದು ಅವರ ಅರಿವಿಗೆ ಬಾರದಿದ್ದ ದಿನಗಳಲ್ಲಿಯೂ, ಕೋಣೆ ಖಾಲಿಯೆಂದೇ ಅವರು ನಂಬಿದ್ದಾಗಲೂ, ಆ ಸೆರಗು ಹಾಸಿಯೇ ಇರುತ್ತಿತ್ತು.

"ಯಾರೂ ಒಳಗೆ ಹೋಗಬ್ಯಾಡ್ರಿ, ಅಕ್ಕೋರು ಕೂಸಿಗೆ ಹಾಲು ಕುಡಿಸ್ತಿದಾರೆ" ಎಂದು ನಮ್ಮ ಅಟೆಂಡರು ವರಾಂಡದಿಂದಲೇ ಸಾರುತ್ತಿದ್ದ.

"ಹೌದಪ್ಪ, ನಿನ್ನ ಕಣ್ಣು ಬಿದ್ರೆ ಕೂಸು ಕಕ್ಕುತ್ತೆ. ಆಚೆ ನಡಿ" ಎಂದು ಅವರು ತಲೆಯೆತ್ತದೆಯೇ ಉತ್ತರಿಸುತ್ತಿದ್ದರು.

ತೊಂಬತ್ತರ ದಶಕದ ಕೊನೆಯ ಭಾಗ. ಶಿಕಾರಿಪುರದ ಮಾರುಕಟ್ಟೆ ಪ್ರಾಂಗಣದ ಪಕ್ಕದಲ್ಲಿದ್ದ ರೈತರ ಸಹಕಾರ ಸಂಘವೊಂದರಲ್ಲಿ ನಾನು ಹಂಗಾಮಿ ಸಹಾಯಕನಾಗಿ ಸೇರಿದ್ದೆ. ಅಂಜನಾಪುರದ ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೊಬ್ಬನೇ ಆದುದರಿಂದ, ಎಲ್ಲಿ ಏನು ತಪ್ಪು ಮಾಡಿಬಿಡುವೆನೋ ಎಂಬ ಅಳುಕು ಸದಾ ಇತ್ತು. ಅಕ್ಕೋರು ಸಂಘದ ಏಕೈಕ ಕಂಪ್ಯೂಟರಿನ ಹೊಣೆ ಹೊತ್ತವರು. ಹಿಂದೆ ಟೈಪಿಂಗ್ ಕಲಿಸುತ್ತಿದ್ದರಾದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಹುಟ್ಟಿದ್ದು ಸೊರಬ ತಾಲ್ಲೂಕಿನ ಹೊಸಬಾಳೆಯ ಬೇಸಾಯದ ಮನೆಯಲ್ಲಿ. ಗಂಡನನ್ನು ಬೇಗನೆ ಕಳೆದುಕೊಂಡು, ಚಿಕ್ಕ ಮಗನೊಂದಿಗೆ ಶಿಕಾರಿಪುರದಲ್ಲಿ ಬಾಡಿಗೆಗಿದ್ದರು.

ಕಂಪ್ಯೂಟರಿಗೆ ವೈರಸ್ ತಗಲುತ್ತದೆಂದು ಪತ್ರಿಕೆಯಲ್ಲಿ ಓದಿದ್ದ ನಾನು, ಮೊದಲ ದಿನ ನೆಗಡಿಯಾಗಿದ್ದ ಕಾರಣ ಮೂಗಿಗೆ ಕರವಸ್ತ್ರ ಹಿಡಿದು ಹೊಸ್ತಿಲ ಹೊರಗೇ ನಿಂತುಬಿಟ್ಟೆ. ಅವರು ನಗಲಿಲ್ಲ. "ನೆಗಡಿ ನಿನಗೆ ತಮ್ಮಾ, ಅದಕ್ಕಲ್ಲ. ಬಂದು ಕೂತ್ಕೋ" ಎಂದರು. ಚಪ್ಪಲಿಯನ್ನು ಮಾತ್ರ ಎಲ್ಲರೂ ಹೊರಗೇ ಬಿಡಬೇಕಿತ್ತು. ಅದು ಧೂಳಿಗಾಗಿ ಎಂದು ಅವರೇ ವಿವರಿಸಿದರು.

ಒಮ್ಮೆ ಶಿವಮೊಗ್ಗದ ಮೇಲಿನ ಕಚೇರಿಯಿಂದೆಂದು ದೂರವಾಣಿ ಬಂತು. ಅತ್ತಲಿನ ವ್ಯಕ್ತಿ ಇಂಗ್ಲಿಷಿನಲ್ಲಿ ಪಾಸ್‌ವರ್ಡ್ ಕೇಳಿದರು. ಆ ಇಂಗ್ಲಿಷಿನ ರಭಸಕ್ಕೇ ನಾನು ಎದ್ದು ನಿಂತಿದ್ದೆ. ಅಕ್ಕೋರು ನನ್ನ ಕೈಯಿಂದ ಫೋನು ತೆಗೆದುಕೊಂಡು, "ನೀವು ಇಡ್ರಿ ಸರ್, ಆಫೀಸಿನ ನಂಬರಿಗೆ ನಾನೇ ಮಾಡ್ತೀನಿ" ಎಂದರು. ಮಾಡಿದರು. ಕರೆದವರು ನಿಜವಾಗಿಯೂ ಅಲ್ಲಿನ ಅಧಿಕಾರಿಯೇ ಆಗಿದ್ದರು. ಅಕ್ಕೋರು ಅವರ ಕ್ಷೇಮ ವಿಚಾರಿಸಿದರು. ಪಾಸ್‌ವರ್ಡನ್ನು ಆಗಲೂ ಹೇಳಲಿಲ್ಲ.

ನಾನು ಹೇಳಲೇಬೇಕಾದ ಪ್ರಸಂಗ ವಾರ್ಷಿಕ ಸಭೆಯ ಹಿಂದಿನ ದಿನದ್ದು. ಸಂಘದ ಅಧ್ಯಕ್ಷರು ಊರಿಗೆಲ್ಲ ಬೇಕಾದ ಹಿರಿಯರು. ಜಮೀನೂ ಇತ್ತು, ಮಂಡಿಯೂ ಇತ್ತು. ತಮ್ಮ ವರದಿಯನ್ನು ದಾವಣಗೆರೆಯಲ್ಲಿ ಅಳಿಯನ ಕಡೆಯವರಿಂದ ಟೈಪು ಮಾಡಿಸಿ, ಫ್ಲಾಪಿಯಲ್ಲಿ ಹಾಕಿಸಿಕೊಂಡು, ಬೆಳಿಗ್ಗೆಯೇ ಬಂದು ಮೇಜಿನ ಮೇಲಿಟ್ಟರು. ಸಂಜೆಯೊಳಗೆ ಅದು ಅಚ್ಚಾಗಬೇಕಿತ್ತು. ಅಕ್ಕೋರ ಹುದ್ದೆಯನ್ನು ಕಾಯಂ ಮಾಡಬೇಕೇ, ಕೈಬಿಡಬೇಕೇ ಎಂಬುದು ಅದೇ ಸಭೆಯ ಮುಂದಿತ್ತು. ಅಧ್ಯಕ್ಷರ ಒಂದು ಮಾತಿನ ಮೇಲೆ ಅಕ್ಕೋರ ಅನ್ನ ನಿಂತಿತ್ತೆಂಬುದು ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು.

"ಸೊರಬಕ್ಕೆ ಹೋಗಿ ಬರ್ಬೇಕು ಗೌಡ್ರೇ" ಎಂದರು ಅಕ್ಕೋರು.

ಸೊರಬದ ನಮ್ಮ ಶಾಖೆಯಲ್ಲಿ ಸಂಘದ ಹಳೆಯ ಕಂಪ್ಯೂಟರ್ ಇತ್ತು. ವೈರಸ್ ಹುಡುಕುವ ತಂತ್ರಾಂಶವನ್ನು ಬಿಟ್ಟರೆ ಕಳೆದುಕೊಳ್ಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಹೊರಗಿನಿಂದ ಬಂದ ಯಾವ ಫ್ಲಾಪಿಯೂ ಅಲ್ಲಿ ಪರೀಕ್ಷೆಯಾಗದೆ ಶಿಕಾರಿಪುರದ ಯಂತ್ರವನ್ನು ಹೊಗುವಂತಿಲ್ಲವೆಂಬುದು ಅಕ್ಕೋರೇ ಮಾಡಿಕೊಂಡ ಕಟ್ಟಳೆ. ಸದಸ್ಯರೆಲ್ಲರ ಲೆಕ್ಕ ಈ ಯಂತ್ರದಲ್ಲಿತ್ತು.

ಅಧ್ಯಕ್ಷರ ಮುಖ ಕೆಂಪಾಯಿತು. "ಹಂಗಾರೆ ನನ್ನ ಫ್ಲಾಪಿಗೆ ರೋಗ ಐತಿ ಅಂತೀಯೇನಮ್ಮಾ? ನಾಕು ಜನರ ಮುಂದೆ?"

"ಅದು ಇದ್ಯೋ ಇಲ್ವೋ ನನಗೆ ಗೊತ್ತಿಲ್ಲ."

"ಇಲ್ಲೇ ಹಾಕಿ ನೋಡು. ಗೊತ್ತಾಗ್ತತಿ."

"ಹುಲಿ ಹೌದೋ ಅಲ್ವೋ ನೋಡೋಕೆ ಮನೆಯೊಳಗೆ ಕರೀತಾರಾ ಗೌಡ್ರೇ?"

ಅಟೆಂಡರು ಕೆಮ್ಮಿದ. ನಾನು ಗೋಡೆಯತ್ತ ತಿರುಗಿದೆ. ಅಕ್ಕೋರು ಧ್ವನಿಯನ್ನು ಏರಿಸದೆ ಮುಂದುವರಿಸಿದರು. "ಹೋದ ವರ್ಷ ಸಂತೆಯಿಂದ ಎತ್ತು ತಂದ್ರಲ್ಲ, ತಂದ ದಿನಾನೇ ಕೊಟ್ಟಿಗೆಗೆ ಕಟ್ಟಿದ್ರಾ?"

"ಅದೆಂಗೆ ಕಟ್ಟಲಿ? ಕಾಲುಬಾಯಿ ಜ್ವರ ಇದ್ರೆ ಇದ್ದವಕ್ಕೂ ಅಂಟ್ತತಿ. ಹೊರಗೆ ಹುಣಸೆ ಮರಕ್ಕೆ ಕಟ್ಟಿಸಿದ್ದೆ."

"ಎತ್ತಿಗೆ ಅವಮಾನ ಆಯ್ತಾ?"

ಅಧ್ಯಕ್ಷರು ಹೆಗಲ ಮೇಲಿನ ಟವೆಲು ಕೊಡವಿ ಹೊರನಡೆದರು. ಒಪ್ಪಿದರೋ, ಮುನಿದರೋ ಎಂದು ಅವರ ಬೆನ್ನು ನೋಡಿ ಹೇಳುವುದು ಕಷ್ಟವಾಗಿತ್ತು.

ಅಕ್ಕೋರು ಫ್ಲಾಪಿಯನ್ನು ತಮ್ಮ ಊಟದ ಡಬ್ಬಿಯೊಳಗೆ, ರೊಟ್ಟಿಯನ್ನು ಕೆಳಕ್ಕೆ ಸರಿಸಿ ಒರೆಸಿದ ಮೇಲಿನ ಅಂತಸ್ತಿನಲ್ಲಿಟ್ಟು ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದರು. ಸೊರಬ ತಲುಪಿದರೆ ಕರೆಂಟಿಲ್ಲ. ಮಧ್ಯಾಹ್ನ ಸರಿಯುತ್ತಿತ್ತು. ನಾನು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದರೆ, ಅವರು ಶಾಖೆಯ ಬೆಂಚಿನ ಮೇಲೆ ಕುಳಿತು ರೊಟ್ಟಿಯನ್ನು ನನಗೂ ಮುರಿದುಕೊಟ್ಟು ನಿಧಾನವಾಗಿ ಉಂಡರು. ಮಗನ ಮಾತನ್ನು ಒಮ್ಮೆ ಎತ್ತಿದರು, ಅಷ್ಟೇ: "ಕೆಲ್ಸ ಹೋದ್ರೆ ಅವನ್ನ ಹೊಸಬಾಳೆ ಶಾಲೆಗೇ ಹಾಕ್ಬೇಕಾಗುತ್ತೆ."

ಕರೆಂಟು ಬಂತು. ಹಳೆಯ ಯಂತ್ರ ಗುರುಗುಟ್ಟುತ್ತ ಫ್ಲಾಪಿಯನ್ನು ತಡಕಿತು. ಪರದೆಯ ಮೇಲೆ ಫಲಿತಾಂಶ ಮೂಡಿತು. ವೈರಸ್ ಇರಲಿಲ್ಲ.

"ಸುಮ್ಮನೆ ಬಂದಂತಾಯಿತಲ್ಲ ಅಕ್ಕೋರೇ" ಎಂದೆ.

"ಸುಮ್ನೆ ಹೆಂಗಾಯ್ತು? ಇಲ್ಲ ಅನ್ನೋದು ಬೆಳಿಗ್ಗೆ ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತು."

ಇದನ್ನು ಅವರು ಫ್ಲಾಪಿಯನ್ನು ಡಬ್ಬಿಗೆ ಹಾಕುತ್ತ ಹೇಳಿದರು. ತಮ್ಮ ನೌಕರಿಯನ್ನೇ ಪಣಕ್ಕೊಡ್ಡಿ ಅಷ್ಟು ದೂರ ಬಂದವರು, ಅಲ್ಲಿ ಏನೂ ಇಲ್ಲವೆಂದು ಕಂಡು, ನಿಜವಾಗಿಯೂ ಸಂತೋಷಪಟ್ಟರು. ಅಕ್ಕೋರೇ ಸರಿಯೆಂದು ತೋರಿಸಲು ಒಂದು ವೈರಸ್ ಸಿಕ್ಕಿದ್ದರೆ ಚೆನ್ನಾಗಿತ್ತೆಂದು ನಾನು ಒಳಗೊಳಗೇ ಹಾರೈಸಿದ್ದೆ. ಅವರ ಮುಖದಲ್ಲಿ ಆ ಹಾರೈಕೆಯ ಸುಳಿವೂ ಇರಲಿಲ್ಲ. ಆ ಮುಖವನ್ನು ನಾನು ಇಂದಿಗೂ ಬೆರಗಿನಿಂದಲೇ ನೆನೆಯುತ್ತೇನೆ.

ಹೊತ್ತು ಮುಳುಗುವ ಮುನ್ನ ವರದಿ ಅಚ್ಚಾಯಿತು. ಮರುದಿನ ಸಭೆಯಲ್ಲಿ ಸದಸ್ಯರೊಬ್ಬರು ಬೇಕೆಂದೇ ಕೆಣಕಿದರು: "ಗೌಡ್ರೇ, ನಿಮ್ಮ ಫ್ಲಾಪಿನ ಆಸ್ಪತ್ರಿಗೆ ಒಯ್ದಿದ್ರಂತೆ?"

ಅಧ್ಯಕ್ಷರು ಕನ್ನಡಕ ತೆಗೆದರು. "ಹೌದಪ್ಪ. ನಂದರಾಗೆ ಏನೂ ಇಲ್ಲ ಅಂತ ಸೊರಬದಾಗೆ ಸಾಬೀತಾಗೈತಿ. ನಿಂದು ಆಗೈತೇನು?"

ಸಭೆ ನಗುತ್ತಿದ್ದಂತೆಯೇ ಅವರು ಅಕ್ಕೋರ ಹುದ್ದೆಯ ವಿಷಯವನ್ನು ತಾವೇ ಎತ್ತಿಕೊಂಡರು. ಕಾಯಂ ಮಾಡಬೇಕೆಂದರು, ಯಾರೂ ವಿರೋಧಿಸಲಿಲ್ಲ. ಅಲ್ಲಿಂದ ಮುಂದೆ ಅವರು ಫ್ಲಾಪಿ ತಂದಾಗಲೆಲ್ಲ ಬಾಗಿಲಲ್ಲೇ ನಿಂತು, "ತಗಾಮ್ಮಾ, ಹುಣಸೆ ಮರಕ್ಕೆ ಕಟ್ಟು" ಎನ್ನುತ್ತಿದ್ದರು.

ನಾನು ಈಗ ಶಿವಮೊಗ್ಗದ ಸಹಕಾರಿ ಬ್ಯಾಂಕೊಂದರಲ್ಲಿದ್ದೇನೆ. ಮೊಬೈಲಿಗೆ ಬಂದ ಒಟಿಪಿ ಸಂಖ್ಯೆಯನ್ನು ಯಾರೋ ಕೇಳಿದರೆಂದು ಠೇವಣಿದಾರರು ಗಾಬರಿಯಿಂದ ಬರುತ್ತಾರೆ. ಫೋನು ಇಟ್ಟು, ನಿಮಗೆ ಗೊತ್ತಿರುವ ನಂಬರಿಗೆ ನೀವೇ ಮಾಡಿ ಎಂದು ಅವರಿಗೆ ಹೇಳುವಾಗ, ಆ ಮಾತು ನನ್ನದಲ್ಲವೆಂದು ನನಗೆ ತಿಳಿದಿರುತ್ತದೆ.

ಕಳೆದ ವರ್ಷ ಅಪರಿಚಿತ ಸಂಖ್ಯೆಯಿಂದ ಒಂದು ಸಂದೇಶ ಬಂತು. ಅಕ್ಕೋರು ತೀರಿಕೊಂಡಿದ್ದಾರೆ, ವಿವರ ಇದರಲ್ಲಿದೆ ಎಂದು ಬರೆದು ಕೆಳಗೆ ಒಂದು ಕಡತವನ್ನು ಲಗತ್ತಿಸಿದ್ದರು. ಆ ಕಡತವನ್ನು ತೆರೆಯಲಿಲ್ಲ. ನಿವೃತ್ತಿಯ ನಂತರ ಅವರು ನೆಲೆಸಿದ್ದ ಹೊಸಬಾಳೆಯ ಮನೆಯ ಸಂಖ್ಯೆ ನನ್ನಲ್ಲಿತ್ತು. ಅದಕ್ಕೆ ಕರೆ ಮಾಡಿದೆ. ಮಗ ಎತ್ತಿಕೊಂಡ.

"ನಿಜವೇನಪ್ಪಾ?" ಎಂದು ಕೇಳಿದೆ. ಸಾವಿನ ಮನೆಯವರನ್ನು ಕೇಳಬಾರದ ಪ್ರಶ್ನೆಯದು.

"ನಿಜ ಸರ್. ಬೆಳಿಗ್ಗೆ ಹೋದ್ರು. ಆ ನಂಬರು ನಂದೇ, ಹೊಸದು." ಅವನೇ ಮುಂದುವರಿಸಿದ. "ನೀವೊಬ್ರೇ ಅಲ್ಲ ಸರ್. ಬೆಳಿಗ್ಗೆಯಿಂದ ಸುಮಾರು ಜನ ಹಿಂಗೇ ಮನೆಗೆ ಫೋನ್ ಮಾಡಿ, ನಿಜವಾ ಅಂತ ಕೇಳಿದ್ರು. ಎಲ್ಲಾ ಅಮ್ಮನ ಹತ್ರ ಕಲ್ತವ್ರೇ."

ಫೋನು ಇಟ್ಟೆ. ಅಳು ಬಂದದ್ದು ಆಮೇಲೆ.