ಟಕ್ ಎಂದ ಲದ್ದಿ ಡಬ್ಬಿ

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಸಗಣಿ, ಲದ್ದಿಯ ಮೇಲೆ ಬೆಳೆಯುವ ಕಂಡೂ ಕಾಣದಂಥ ಅಣಬೆಗಳನ್ನು ಗುರುತಿಸುವುದು ನನ್ನ ಕೆಲಸ. ಒಂದು ಬೆಳಿಗ್ಗೆ ಆನೆಗೊಂದಿಯಲ್ಲಿ ಹೊಳೆ ದಾಟಲು ಹರಗೋಲು ಹತ್ತುವ ಮುನ್ನ ಗಡಿ ತಪಾಸಣೆಯ ನಾಕಾದ ಜಮಾದಾರರು ನನ್ನ ತಗಡಿನ ಡಬ್ಬಿ ನೋಡಿ ತಡೆದರು.

"ಒಳಗೇನೈತ್ರಿ?"

"ಕುದುರಿ ಲದ್ದಿರಿ, ಸಾಹೇಬ್ರ."

"ಚಾಷ್ಟಿ ಮಾಡ್ತೀರೇನು?" ಎನ್ನುವಷ್ಟರಲ್ಲಿ ಡಬ್ಬಿಯೊಳಗೆ ಟಕ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್.

ಅವರ ಜೊತೆಗಿದ್ದ ಸಿಪಾಯಿಗಳಿಬ್ಬರೂ ಹಿಂದೆ ಸರಿದರು. ಜಮಾದಾರರ ಬಂದೂಕು ನನ್ನ ಎದೆಗೆ ನೇರವಾಯಿತು.

"ಬಾಂಬ್ ಐತಿ! ನೀವ ತೆಗೀರಿ. ಭಾಳ ಸಾವಕಾಶ."

ಮುಚ್ಚಳ ತೆಗೆದೆ. ಲದ್ದಿಯ ತುಂಬ ಗಾಜಿನ ಗುಂಡುಸೂಜಿಯಂಥ ಅಣಬೆಗಳು, ಒಂದೊಂದರ ನೆತ್ತಿಯಲ್ಲೂ ಕರಿ ಚುಕ್ಕೆ. ಭೂತಗನ್ನಡಿ ಚಾಚಿದೆ. ಅವರು ಬಗ್ಗಿದರು. ಒಂದು ಅಣಬೆ ತನ್ನ ಕರಿ ಚುಕ್ಕೆಯನ್ನು ಚಿಮ್ಮಿ ಗಾಜಿಗೆ ಟಕ್ ಎಂದು ಹೊಡೆಯಿತು. ಬೆಚ್ಚಿಬಿದ್ದವರು ಬಂದೂಕು ಇಳಿಸಿ ಮತ್ತೆ ಬಗ್ಗಿದರು.

"ಯಾ ಅಲ್ಲಾ! ಇಷ್ಟ ಸಣ್ಣದು ಗುಂಡು ಹಾರಸ್ತೈತಿ! ಇದರ ಹೆಸರೇನ್ರಿ?"

"ಇನ್ನೂ ಗೊತ್ತಿಲ್ರಿ. ಅದನ್ನ ಹುಡುಕಾಕ ಹೊಂಟೀನಿ."

ಅವರು ನಾಕಾದ ದಫ್ತರ ಪುಸ್ತಕದಲ್ಲಿ ಉರ್ದುವಿನಲ್ಲಿ ಬರೆದು, ಓದಿ ಹೇಳಿದರು: "ಲದ್ದಿ, ಒಂದು ಡಬ್ಬಿ. ಒಳಗಿರೋರ ಹೆಸರು ಗೊತ್ತಿಲ್ಲ."

ವಾರವಿಡೀ ಸೂಕ್ಷ್ಮದರ್ಶಕದಲ್ಲಿ ನೋಡಿ ನಾನು ಬರೆದ ಹೆಸರು ಮುಂದೆ ತಪ್ಪೆಂದು ತಿಳಿಯಿತು. ಜಮಾದಾರರು ಬರೆದದ್ದರಲ್ಲಿ ಮಾತ್ರ ಯಾರೂ ತಪ್ಪು ಹುಡುಕಿಲ್ಲ.