ಭಾವ ಕರೀತಿದಾರಂತೆ

ನಮ್ಮ ಭಾವನ ಕೆಲಸ ಏನೆಂದು ಯಾರಾದರೂ ಕೇಳಿದರೆ ನನಗೆ ತಲೆ ಚಿಟ್ಟು ಹಿಡಿಯುತ್ತದೆ. ಪ್ರಯೋಗಾಲಯದಲ್ಲಿ ಜೇಡ ಸಾಕುತ್ತಾರೆ. ಅಂಗೈ ಅಗಲದ, ಮೈತುಂಬ ಕೂದಲಿನ ಜೇಡಗಳು. ಅವಕ್ಕೆ ಜಿರಳೆ ತಿನ್ನಿಸಿ, ವಿಷ ತೆಗೆದು, ಅದರಲ್ಲಿ ನೋವಿಗೆ ಮದ್ದು ಹುಡುಕುವವರಿಗೆ ಕೊಡುತ್ತಾರೆ. ಮನೆಯಲ್ಲಿ ನೋಡಿದರೆ ನನ್ನ ಅಕ್ಕ, ಅವರ ಹೆಂಡತಿ, ನೋವಿನಲ್ಲೇ ಬೇಯುತ್ತಿದ್ದಾಳೆ. ಸರ್ಪಸುತ್ತು ಮಾಯ್ದು ವರ್ಷವಾದರೂ ಪಕ್ಕೆಯ ಉರಿ ಬಿಟ್ಟಿಲ್ಲ. ಬಟ್ಟೆ ತಾಗಿದರೂ ಚೀರುತ್ತಾಳೆ. ಅವಳ ಹೊಲಿಗೆ ಮೆಷಿನ್ನಿನ ಮೇಲೆ ಈಗ ಮಡಚದ ಬಟ್ಟೆಯ ರಾಶಿ.

“ಸ್ವಲ್ಪ ತಡ್ಕೊಳ್ಳೇ, ಮದ್ದು ಬರುತ್ತೆ” ಎನ್ನುವುದು ಭಾವನ ನಿತ್ಯದ ಮಂತ್ರ. ತಡೆದುಕೊಳ್ಳುವವಳು ಅವಳು, ಹೇಳುವುದಕ್ಕೆ ಇವರ ಗಂಟೇನು ಹೋಗುತ್ತದೆ!

ಮೊನ್ನೆ ಉರಿ ತಾಳಲಾರದೆ ಅಕ್ಕ ಭಾವನಿಗೆ ಫೋನ್ ಮಾಡಿದಳು. ಎತ್ತಿದವನು ಅವರ ಜೊತೆ ಕೆಲಸ ಮಾಡುವವನು. “ಅವ್ರು ಕರೀತಿದಾರೆ” ಎಂದವನೇ ಇಟ್ಟುಬಿಟ್ಟ.

ಅಕ್ಕನ ಮುಖ ಅರಳಿತು. “ಕರೀತಿದಾರಂತೆ ಕಣೇ! ಮದ್ದು ಬಂದಿರ್ಬೇಕು. ನಡಿ.”

“ಸರಿಯಾಗಿ ಕೇಳಿಸ್ಕೊಂಡ್ಯಾ ಅಕ್ಕಾ?”

“ನೋವಿರೋದು ಪಕ್ಕೆಗೆ, ಕಿವಿಗಲ್ಲ.”

ದಾರಿಯುದ್ದಕ್ಕೂ ಗಾಡಿ ಕುಲುಕಿದಾಗೆಲ್ಲ ನನ್ನ ಕೈ ಹಿಂಡಿದಳು. ಹೋಗಿ ನೋಡಿದರೆ ಲಿಫ್ಟ್ ಕೆಟ್ಟಿತ್ತು. ಕರ್ಮ! ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು.

ಒಳಗೆ ಭಾವ ಚಿಮಟದಲ್ಲಿ ಜೇಡ ಹಿಡಿದು, ಅದರ ಹಲ್ಲನ್ನು ಸಣ್ಣ ಗಾಜಿನ ನಳಿಗೆಗೆ ತಾಗಿಸಿಕೊಂಡು ಬಗ್ಗಿದ್ದರು.

“ಏನೇ ಇದು, ಇಲ್ಲೀವರೆಗೂ ಬಂದೆ?”

“ನೀವೇ ಕರೆದ್ರಲ್ಲ!”

“ನಾನೆಲ್ಲಿ ಕರೆದೆ? ವಿಷ ಕರೀತಿದ್ದೆ. ಹಸು ಹಾಲು ಕರೀತಾರಲ್ಲ, ಹಾಗೆ. ಇಲ್ಲಿ ಎಲ್ಲರೂ ಹಾಗೇ ಅನ್ನೋದು.”

ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕ ಮಾತ್ರ ನಳಿಗೆಯ ತಳದ ಹನಿಯನ್ನೇ ನೋಡುತ್ತಿದ್ದಳು. “ಅದನ್ನೇ ಒಂಚೂರು ಕೊಡ್ರೀ.”

“ಹುಚ್ಚಿ, ಇದು ಬರೀ ವಿಷ. ಇದರೊಳಗಿನ ಯಾವುದೋ ಒಂದಂಶ ನೋವಿನ ನರಾನ ಸುಮ್ಮನಾಗಿಸುತ್ತೆ. ಅದನ್ನ ಬೇರೆ ಮಾಡ್ಬೇಕು. ಇಲಿಗಳಿಗೆ ಗುಣ ಕಂಡಿದೆ. ಮನುಷ್ಯರಿಗೆ ಇನ್ನೂ ವರ್ಷಗಳೇ ಬೇಕು.”

“ಹಾಗಾದ್ರೆ ಇಲಿಯಾಗಿ ಹುಟ್ಬೇಕಿತ್ತು” ಎಂದಳು ಅಕ್ಕ. “ಇಷ್ಟು ವರ್ಷ ಜೇಡಾನೇ ಕರೆದ್ರಿ. ಒಂದ್ಸಲ ನನ್ನನ್ನೂ ಕರೀರಿ.”

ಭಾವ ಜೇಡವನ್ನು ಡಬ್ಬಿಗೆ ಬಿಟ್ಟು ಮುಚ್ಚಳ ಹಾಕಿದರು. ಕೈ ತೊಳೆದು ಬಂದು, “ಬಾರೇ, ಮನೆಗೆ ಹೋಗೋಣ” ಎಂದರು.

ಉರಿ ಹಾಗೇ ಇತ್ತು. ಮೆಟ್ಟಿಲು ಇಳಿಯುವಾಗ ಅವಳು ನನ್ನ ಕೈ ಬಿಟ್ಟು ಅವರ ತೋಳು ಹಿಡಿದಳು.